ಗೇರುಬೀಜದ ಯಂತ್ರ ನೋಡಲು ಹೋ ಚಿ ಮಿನ್ ನಗರಕ್ಕೆ: ಮೊದಲ ವ್ಯಾಪಾರ ಪ್ರಯಾಣದಲ್ಲಿ ಎಚ್ಚರ ಎಲ್ಲಿರಬೇಕು?

ಪ್ರಶ್ನೆ: ಕಾರ್ಕಳದ ಹತ್ತಿರ ನಮ್ಮದೊಂದು ಸಣ್ಣ ಗೇರುಬೀಜ ಕಾರ್ಖಾನೆಯಿದೆ. ತಂದೆಯವರು ಕಟ್ಟಿದ್ದು, ಈಗ ನಾನು ಮತ್ತು ತಮ್ಮ ನೋಡಿಕೊಳ್ಳುತ್ತಿದ್ದೇವೆ. ಬೀಜ ಒಡೆಯುವುದಕ್ಕೆ ಜನ ಸಿಗದಿರುವುದರಿಂದ ಸ್ವಯಂಚಾಲಿತ ಯಂತ್ರ ಹಾಕಬೇಕೆಂದಿದ್ದೇವೆ. ವಿಯೆಟ್ನಾಮಿನ ಹೋ ಚಿ ಮಿನ್ ನಗರದ ತಯಾರಕರೊಬ್ಬರು ಬಂದು ನೋಡುವಂತೆ ಕರೆದಿದ್ದಾರೆ. ಅಕ್ಟೋಬರ್‌ನಲ್ಲಿ ನಾಲ್ಕು ದಿನಗಳ ಮಟ್ಟಿಗೆ ನಾನೊಬ್ಬಳೇ ಹೋಗುವುದೆಂದು ಆಗಿದೆ. ಇದು ನನ್ನ ಮೊದಲ ವಿದೇಶ ಪ್ರಯಾಣ. ಏಜೆಂಟರು ಪ್ರವಾಸಿ ವೀಸಾ ಸಾಕು ಎನ್ನುತ್ತಾರೆ. ಡಾಲರ್ ನಗದು ಕೈಯಲ್ಲಿದ್ದರೆ ಯಂತ್ರದ ಬೆಲೆ ಇಳಿಸಬಹುದು ಎಂದು ತಂದೆಯವರ ಅಭಿಪ್ರಾಯ. ನಾನು ಸಸ್ಯಾಹಾರಿ, ಅಲ್ಲಿ ಉಪವಾಸವೇ ಗತಿ ಎಂದು ನೆಂಟರು ಹೆದರಿಸುತ್ತಾರೆ. ಹೆಂಗಸೊಬ್ಬಳು ಅಲ್ಲಿ ಓಡಾಡುವುದು ಸುರಕ್ಷಿತವೇ? ತಯಾರಕರು ಅಲ್ಲಿಯೇ ಶೇಕಡಾ 30 ಮುಂಗಡ ಕೇಳಿದರೆ ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಯಾಣದ ಚಿಂತೆ ಮತ್ತು ವ್ಯಾಪಾರದ ಚಿಂತೆ ಎರಡೂ ಬೆರೆತಿವೆ. ಮನೆಯವರು, ನೆಂಟರು ಹೆಚ್ಚು ಮಾತನಾಡಿರುವುದು ಮೊದಲನೆಯದರ ಬಗ್ಗೆ. ಆದರೆ ಕರಾವಳಿಯ ಸಣ್ಣ ಉದ್ಯಮಿಗಳ ಯಂತ್ರ ಆಮದಿನ ಕಾಗದಪತ್ರ ನೋಡಿಕೊಳ್ಳುವ ನನ್ನ ಕೆಲಸದಲ್ಲಿ, ದುಡ್ಡು ಕಳೆದುಕೊಂಡವರನ್ನು ನಾನು ಕಂಡಿರುವುದು ಬಹುಮಟ್ಟಿಗೆ ಎರಡನೆಯದರಲ್ಲಿ. ಊಟ, ಟ್ಯಾಕ್ಸಿ, ರಸ್ತೆ ಇವೆಲ್ಲ ಮೊದಲ ದಿನ ಸಂಜೆಯ ಹೊತ್ತಿಗೆ ಅಭ್ಯಾಸವಾಗಿಬಿಡುತ್ತವೆ. ಅಷ್ಟು ದೂರ ಹೋಗಿ ಬರಿಗೈಯಲ್ಲಿ ಹೇಗೆ ಬರಲಿ ಎಂಬ ಅವಸರದಲ್ಲಿ ಕೊನೆಯ ದಿನ ಹಾಕುವ ಸಹಿ ಮಾತ್ರ ವರ್ಷಗಟ್ಟಲೆ ಕಾಡುತ್ತದೆ. ಆದ್ದರಿಂದ ಈ ಪ್ರಯಾಣವನ್ನು ನೋಡಿಬರುವ ಪ್ರಯಾಣವೆಂದೇ ಇಟ್ಟುಕೊಳ್ಳಿ, ಕೊಳ್ಳುವ ತೀರ್ಮಾನ ಕಾರ್ಕಳದಲ್ಲಿ ಆಗಲಿ. ನಾನು ಮುಂದೆ ಹೇಳುವುದೆಲ್ಲ ಈ ಒಂದು ಮಾತಿಗೆ ಸೇರಿದ್ದು.

ಮೊದಲು ವೀಸಾ. ಭಾರತೀಯರಿಗೆ ವಿಯೆಟ್ನಾಮಿಗೆ ವೀಸಾ ಬೇಕೇ ಬೇಕು. 2023ರ ಆಗಸ್ಟ್ 15ರಿಂದ ಅಲ್ಲಿನ ಇ-ವೀಸಾ 90 ದಿನಗಳವರೆಗೆ ಸಿಗುತ್ತದೆ. ಒಂದು ಬಾರಿಯ ಪ್ರವೇಶಕ್ಕೆ 25 ಡಾಲರ್, ಹಲವು ಬಾರಿಯ ಪ್ರವೇಶಕ್ಕೆ 50 ಡಾಲರ್ ಶುಲ್ಕ. ಇದನ್ನು ನೀವೇ ಮನೆಯಲ್ಲಿ ಕುಳಿತು ತುಂಬಬಹುದು. ಸರ್ಕಾರಿ ಜಾಲತಾಣವನ್ನೇ ಹೋಲುವ ಹೆಸರಿಟ್ಟುಕೊಂಡು ಎರಡು ಮೂರು ಪಟ್ಟು ಹಣ ಕೀಳುವ ಖಾಸಗಿ ತಾಣಗಳು ಬಹಳ ಇವೆ. ವಿಳಾಸದ ಕೊನೆಯಲ್ಲಿ ಜಿಒವಿ ಡಾಟ್ ವಿಎನ್ ಎಂದಿದೆಯೇ ಎಂಬುದನ್ನು ನೋಡಿಕೊಂಡೇ ಮುಂದುವರಿಯಿರಿ. ಪ್ರಕ್ರಿಯೆಗೆ ಮೂರು ಕೆಲಸದ ದಿನಗಳು ಎಂದು ಹೇಳಲಾಗುತ್ತದೆಯಾದರೂ ಹದಿನೈದು ದಿನ ಮುಂಚೆಯೇ ಅರ್ಜಿ ಹಾಕುವುದು ಒಳ್ಳೆಯದು. ಅರ್ಜಿಯಲ್ಲಿ ಭೇಟಿಯ ಉದ್ದೇಶವನ್ನೂ, ಅಲ್ಲಿ ಯಾವ ಸಂಸ್ಥೆಯನ್ನು ಸಂಪರ್ಕಿಸುತ್ತೀರಿ ಎಂಬುದನ್ನೂ ಕೇಳುತ್ತಾರೆ. ಏಜೆಂಟರು ಪ್ರವಾಸಿ ಎಂದು ಬರೆಸುವುದು ತಮ್ಮ ಕೆಲಸ ಹಗುರವಾಗಲೆಂದು. ಕಾರ್ಖಾನೆ ನೋಡಿ ಮಾತುಕತೆ ಮಾಡಿ ಬರುವ ಎಷ್ಟೋ ಮಂದಿ ಹಾಗೆಯೇ ಹೋಗಿ ಬರುತ್ತಾರೆ ಎಂಬುದು ನಿಜ. ಆದರೂ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಯಾಕೆ ಬಂದಿರಿ ಎಂದು ಕೇಳಿದಾಗ ಬಾಯಿಯ ಉತ್ತರ ಒಂದು, ಕಾಗದದ ಉತ್ತರ ಇನ್ನೊಂದು ಆಗಬಾರದು. ತಯಾರಕರಿಂದ ಅವರ ಮುದ್ರೆಯಿರುವ ಆಹ್ವಾನಪತ್ರ ತರಿಸಿಕೊಳ್ಳಿ, ವ್ಯಾಪಾರದ ಉದ್ದೇಶವೆಂದೇ ನಮೂದಿಸಿ. ಆಹ್ವಾನಪತ್ರ ಕೊಡಲು ಹಿಂದೆಮುಂದೆ ನೋಡುವ ಕಂಪನಿಯಾದರೆ ಅದೇ ನಿಮಗೆ ಸಿಕ್ಕ ಮೊದಲ ಸುಳಿವು.

ವೀಸಾದಲ್ಲಿ ನಮ್ಮವರು ಎಡವುವ ಜಾಗ ಹೆಸರು. ನಮ್ಮಲ್ಲಿ ಎಷ್ಟೋ ಪಾಸ್‌ಪೋರ್ಟ್‌ಗಳಲ್ಲಿ ಮನೆತನದ ಹೆಸರಿನ ಜಾಗ ಖಾಲಿಯಿರುತ್ತದೆ, ಇನ್ನು ಕೆಲವರಲ್ಲಿ ತಂದೆಯ ಹೆಸರು ಅಲ್ಲಿ ಕುಳಿತಿರುತ್ತದೆ. ಪಾಸ್‌ಪೋರ್ಟಿನ ಚಿತ್ರವಿರುವ ಪುಟದ ಅಡಿಯಲ್ಲಿ ಎರಡು ಸಾಲು ಯಂತ್ರಾಕ್ಷರಗಳಿವೆಯಲ್ಲ, ಅಲ್ಲಿ ಹೆಸರು ಹೇಗಿದೆಯೋ ಹಾಗೆಯೇ ಅರ್ಜಿಯಲ್ಲೂ ವಿಮಾನದ ಟಿಕೆಟ್‌ನಲ್ಲೂ ಇರಬೇಕು. ಒಂದು ಅಕ್ಷರ ಆಚೀಚೆಯಾದರೂ ವಿಮಾನಯಾನ ಕಂಪನಿಯವರು ಇಲ್ಲಿಯೇ ತಡೆಯಬಹುದು. ಪ್ರವೇಶದ ಸ್ಥಳವಾಗಿ ತಾನ್ ಸೊನ್ ನ್ಯಾತ್ ವಿಮಾನ ನಿಲ್ದಾಣವನ್ನು ಆರಿಸಿ. ಪಕ್ಕದ ದೊಂಗ್ ನಾಯ್ ಪ್ರಾಂತದ ಲಾಂಗ್ ಥಾನ್ ಎಂಬಲ್ಲಿ ಹೊಸ ನಿಲ್ದಾಣವೊಂದು ಎದ್ದಿದೆ. ಅದು ನಗರದಿಂದ ಸುಮಾರು 40 ಕಿ.ಮೀ. ದೂರ. ಟಿಕೆಟ್‌ನಲ್ಲಿ ಯಾವ ನಿಲ್ದಾಣದ ಹೆಸರಿದೆ ಎಂದು ಗಮನಿಸಿ.

ಇನ್ನು ನಗದಿನ ವಿಚಾರ. ತಂದೆಯವರ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು, ಈಗ ಅದು ನಿಮ್ಮನ್ನೇ ಸಿಕ್ಕಿಸುವ ಮಾತು. ನಮ್ಮ ವಿದೇಶಿ ವಿನಿಮಯ ನಿಯಮಗಳ ಪ್ರಕಾರ ಒಂದು ಪ್ರಯಾಣಕ್ಕೆ ನೋಟಿನ ರೂಪದಲ್ಲಿ ಒಯ್ಯಬಹುದಾದ್ದು ಸಾಮಾನ್ಯವಾಗಿ 3,000 ಡಾಲರ್ ಮಾತ್ರ, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ, ಅಂದರೆ ಇಲ್ಲಿಯೇ ವಿದೇಶಿ ಹಣ ತುಂಬಿಸಿಕೊಂಡು ಹೋಗುವ ಕಾರ್ಡಿನಲ್ಲಿ. ವಿಯೆಟ್ನಾಮಿನ ಕಡೆ 5,000 ಡಾಲರ್‌ಗಿಂತ ಹೆಚ್ಚು ನಗದಿದ್ದರೆ ಸುಂಕದವರಿಗೆ ಘೋಷಿಸಬೇಕು. ಇದಕ್ಕಿಂತ ಮುಖ್ಯವಾದ ವಿಷಯವೆಂದರೆ, ಆಮದಾಗುವ ಯಂತ್ರದ ಹಣ ನಿಮ್ಮ ಬ್ಯಾಂಕಿನ ಮೂಲಕವೇ ಹೋಗಬೇಕು. ಯಂತ್ರ ಬಂದ ಮೇಲೆ ಬಿಲ್ ಆಫ್ ಎಂಟ್ರಿಯನ್ನು (ಆಮದಾದ ಸರಕಿಗೆ ಸುಂಕದ ಕಚೇರಿಯಲ್ಲಿ ಸಲ್ಲಿಸುವ ದಾಖಲೆ) ಆ ಪಾವತಿಗೆ ಹೊಂದಿಸಿ ಬ್ಯಾಂಕು ಲೆಕ್ಕ ಮುಗಿಸುತ್ತದೆ. ಅರ್ಧ ಹಣ ಕೈಯಲ್ಲಿ ಕೊಟ್ಟು ಇನ್‌ವಾಯ್ಸಿನಲ್ಲಿ ಕಡಿಮೆ ಬರೆಸಿದರೆ ಸುಂಕ ಉಳಿಯುತ್ತದೆ ಎಂದು ಯಾರಾದರೂ ಸಲಹೆ ಕೊಟ್ಟಾರು. ಸುಂಕದ ಅಧಿಕಾರಿಗಳು ಅದೇ ಮಾದರಿಯ ಯಂತ್ರ ಬೇರೆಯವರು ತರಿಸಿಕೊಂಡ ಬೆಲೆಯನ್ನು ನೋಡಬಲ್ಲರು. ಆಗ ದಂಡದ ಜೊತೆಗೆ, ಯಂತ್ರ ಕೆಟ್ಟರೆ ಪರಿಹಾರ ಕೇಳಲು ನಿಮ್ಮ ಹತ್ತಿರ ಪೂರ್ತಿ ಬೆಲೆಯ ದಾಖಲೆಯೂ ಇರುವುದಿಲ್ಲ. ಕೈಖರ್ಚಿಗೆ ಮೂರು ನಾನೂರು ಡಾಲರ್ ನಗದು, ಒಂದು ಫಾರೆಕ್ಸ್ ಕಾರ್ಡು, ಇನ್ನೊಂದು ಬ್ಯಾಂಕಿನ ಕಾರ್ಡು ಇಷ್ಟು ಸಾಕು. ಅಲ್ಲಿ ಎಲ್ಲ ಅಂಗಡಿಗಳಲ್ಲೂ ಕ್ಯೂಆರ್ ಫಲಕ ಕಾಣುತ್ತದೆ, ಆದರೆ ಅವು ಅಲ್ಲಿನ ಬ್ಯಾಂಕ್ ಖಾತೆಯವರಿಗೆ. ನಮ್ಮ ಯುಪಿಐ ನಡೆಯುತ್ತದೆಂದು ನಂಬಿ ಹೋಗಬೇಡಿ.

ಡಾಲರನ್ನು ಬ್ಯಾಂಕಿನಲ್ಲಿ ಅಥವಾ ಪರವಾನಗಿ ಇರುವ ವಿನಿಮಯ ಕೌಂಟರಿನಲ್ಲಿ ಮಾತ್ರ ಬದಲಾಯಿಸಿ. 2018ರಲ್ಲಿ ಕಾನ್ ಥೋ ನಗರದಲ್ಲಿ ಪರವಾನಗಿ ಇಲ್ಲದ ಚಿನ್ನದಂಗಡಿಯಲ್ಲಿ ಬರೀ 100 ಡಾಲರ್ ಬದಲಾಯಿಸಿದವರೊಬ್ಬರಿಗೆ 9 ಕೋಟಿ ಡಾಂಗ್ ದಂಡ ಹಾಕಿದ್ದು ದೊಡ್ಡ ಸುದ್ದಿಯಾಗಿತ್ತು. ಆಮೇಲೆ ಅದನ್ನು ಮನ್ನಾ ಮಾಡಿದರು. ಕೋಟಿ ಎಂದಾಕ್ಷಣ ಗಾಬರಿಯಾಗಬೇಡಿ, ಈಚಿನ ದರದಲ್ಲಿ ನಮ್ಮ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಆಗುತ್ತದೆ. ಈ ಸೊನ್ನೆಗಳ ಸಾಲಿಗೆ ಕಣ್ಣು ಒಗ್ಗಲು ಒಂದು ದಿನ ಬೇಕು. 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿಯ ಛಾಯೆಯವು. ರಾತ್ರಿ ಟ್ಯಾಕ್ಸಿಯಲ್ಲಿ 70 ರೂಪಾಯಿಯ ಬದಲು ಸಾವಿರದ ಆರುನೂರು ರೂಪಾಯಿ ಮೀರಿದ ನೋಟು ಕೊಟ್ಟು ಇಳಿದುಬಿಡುವುದು ಹೊಸಬರಿಗೆ ಆಗುವ ಸಾಮಾನ್ಯ ನಷ್ಟ. ಐದು ಲಕ್ಷದ ನೋಟುಗಳನ್ನು ಪರ್ಸಿನ ಬೇರೆ ಖಾನೆಯಲ್ಲಿಡಿ. ಅಲ್ಲಿ ಸಾವಿರದ ಗುರುತಿಗೆ ಚುಕ್ಕೆ, ದಶಮಾಂಶಕ್ಕೆ ಅಲ್ಪವಿರಾಮ ಹಾಕುತ್ತಾರೆ. ಊಟದ ಪಟ್ಟಿಯಲ್ಲಿ 45 ಎಂದಷ್ಟೇ ಇದ್ದರೆ ಅದು 45,000. ಕೊಟೇಶನ್ ಓದುವಾಗಲೂ ಈ ಚುಕ್ಕೆಯ ನೆನಪಿರಲಿ. ಮಾತುಕತೆಯಲ್ಲಿ ಲಕ್ಷ, ಕೋಟಿಯ ಲೆಕ್ಕ ಅವರಿಗೆ ತಿಳಿಯುವುದಿಲ್ಲವಾದ್ದರಿಂದ ಪ್ರತಿ ಮೊತ್ತವನ್ನೂ ಡಾಲರಿನಲ್ಲಿ, ಕಾಗದದ ಮೇಲೆ ಅಂಕಿಯಲ್ಲಿ ಬರೆದು ತೋರಿಸಿ.

ಸುರಕ್ಷತೆಯ ಬಗ್ಗೆ ನೇರವಾಗಿ ಹೇಳುತ್ತೇನೆ. ಒಬ್ಬಂಟಿ ಮಹಿಳೆಗೆ ಹೋ ಚಿ ಮಿನ್ ನಗರ ನಮ್ಮ ಅನೇಕ ದೊಡ್ಡ ನಗರಗಳಿಗಿಂತ ನಿರಾಳವಾದ ಊರು. ಬೀದಿಗಳಲ್ಲಿ ರಾತ್ರಿ ಹತ್ತರವರೆಗೂ ಹೆಂಗಸರು ಅಂಗಡಿ ನಡೆಸುತ್ತಿರುತ್ತಾರೆ, ಕಾರ್ಖಾನೆಗಳ ಮಾರಾಟ ವಿಭಾಗದಲ್ಲೂ ಲೆಕ್ಕಪತ್ರ ವಿಭಾಗದಲ್ಲೂ ನಿಮ್ಮೊಡನೆ ಮಾತನಾಡುವವರು ಬಹುಪಾಲು ಹೆಂಗಸರೇ. ಅಲ್ಲಿನ ನಿಜವಾದ ಕಾಟ ಬೈಕಿನಲ್ಲಿ ಬಂದು ಮೊಬೈಲನ್ನೋ ಕೈಚೀಲವನ್ನೋ ಕಸಿದು ಹೋಗುವುದು. ನಕ್ಷೆ ನೋಡಲು ರಸ್ತೆಯಂಚಿನಲ್ಲಿ ಮೊಬೈಲ್ ಎತ್ತಿ ಹಿಡಿದು ನಿಲ್ಲಬೇಡಿ, ಅಂಗಡಿಯೊಂದರ ಒಳಗೆ ಹೋಗಿ ನೋಡಿ. ಚೀಲದ ಪಟ್ಟಿಯನ್ನು ಅಡ್ಡಲಾಗಿ ಹಾಕಿಕೊಂಡು ಚೀಲ ರಸ್ತೆಯ ಕಡೆಗೆ ಬಾರದಂತೆ ನಡೆಯಿರಿ. ಯಾರಾದರೂ ಎಳೆದರೆ ಬಿಟ್ಟುಬಿಡಿ. ಎಳೆದಾಡಿ ಬಿದ್ದರೆ ಆಗುವ ಪೆಟ್ಟು ಮೊಬೈಲಿಗಿಂತ ದುಬಾರಿ. ಪಾಸ್‌ಪೋರ್ಟ್ ಹೋಟೆಲಿನ ಲಾಕರಿನಲ್ಲಿರಲಿ, ಅದರ ಮತ್ತು ವೀಸಾದ ಪ್ರತಿ ನಿಮ್ಮ ಬಳಿ ಇರಲಿ. ತುರ್ತಿಗೆ ಪೊಲೀಸ್ 113, ಆಂಬುಲೆನ್ಸ್ 115. ಭಾರತದ ಕಾನ್ಸುಲೇಟ್ ಜನರಲ್ ಕಚೇರಿಯೂ ಅದೇ ನಗರದಲ್ಲಿದೆ, ಅದರ ಸಂಖ್ಯೆಯನ್ನು ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ.

ಅಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಓಡುತ್ತವೆ. ನಮ್ಮ ಕತ್ತು ಅಭ್ಯಾಸಬಲದಿಂದ ಮೊದಲು ಬಲಕ್ಕೆ ತಿರುಗುತ್ತದೆ, ಅಷ್ಟರಲ್ಲಿ ಬೈಕುಗಳ ಹಿಂಡು ಎಡದಿಂದ ಬಂದಿರುತ್ತದೆ. ಸಿಗ್ನಲ್ ಇಲ್ಲದ ಕಡೆ ದಾಟಬೇಕಾದರೆ ಬಸ್ಸು, ಕಾರುಗಳು ಹೋಗಲು ಬಿಟ್ಟು, ಬೈಕುಗಳ ಮಧ್ಯೆ ಒಂದೇ ನಿಧಾನದ ನಡಿಗೆಯಲ್ಲಿ ಹೋಗಬೇಕು. ಓಡಬಾರದು, ನಡುವೆ ನಿಲ್ಲಬಾರದು, ಹಿಂದಕ್ಕಂತೂ ಬರಲೇಬಾರದು. ನಿಮ್ಮ ವೇಗ ಒಂದೇ ಸಮನಾಗಿದ್ದರೆ ಅವರೇ ಸುತ್ತಿಕೊಂಡು ಹೋಗುತ್ತಾರೆ. ಓಡಾಟಕ್ಕೆ ಗ್ರ್ಯಾಬ್ ಆ್ಯಪ್ ಅನ್ನು ಇಲ್ಲಿಂದಲೇ ಹಾಕಿಕೊಂಡು ಹೋಗಿ. ಕ್ಸಾನ್ ಎಸ್‌ಎಂ ಎಂಬ ವಿದ್ಯುತ್ ಟ್ಯಾಕ್ಸಿಗಳೂ ಚೆನ್ನಾಗಿವೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಟ್ಯಾಕ್ಸಿ ಬೇಕೇ ಎಂದು ಮೇಲೆ ಬೀಳುವವರ ಜೊತೆ ಹೋಗಬೇಡಿ. ಹೆಸರಾಂತ ಟ್ಯಾಕ್ಸಿಗಳ ಬಣ್ಣವನ್ನೇ ಬಳಿದುಕೊಂಡ ನಕಲಿ ಗಾಡಿಗಳೂ ಇರುತ್ತವೆ. ಬಾಡಿಗೆ ಬೈಕಿನ ಯೋಚನೆಯೇ ಬೇಡ. ನಮ್ಮ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಒಪ್ಪಂದದ ಅಡಿಯದು, ವಿಯೆಟ್ನಾಮ್ ಒಪ್ಪುವುದು 1968ರ ಒಪ್ಪಂದದ್ದನ್ನು. ಅಪಘಾತವಾದರೆ ನಿಮ್ಮ ಪ್ರಯಾಣ ವಿಮೆಯವರು ಮೊದಲು ಹುಡುಕುವ ನೆಪವೂ ಅದೇ.

ಅಕ್ಟೋಬರ್ ಅಲ್ಲಿ ಮಳೆಗಾಲದ ಕೊನೆಯ ಭಾಗ. ಕರಾವಳಿಯವರಿಗೆ ಮಳೆಯ ಪಾಠ ಹೇಳಬೇಕಾಗಿಲ್ಲ, ಆದರೆ ಅಲ್ಲಿನದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಒಂದೆರಡು ತಾಸು ರಭಸದಿಂದ ಸುರಿದು, ಕೆಲವು ರಸ್ತೆಗಳನ್ನು ಮುಳುಗಿಸಿ ನಿಲ್ಲುವ ಮಳೆ. ಭೇಟಿಗಳನ್ನು ಬೆಳಗ್ಗೆ ಎಂಟು ಎಂಟೂವರೆಗೇ ಇಟ್ಟುಕೊಳ್ಳಿ. ಅವರ ದಿನವೂ ಅಷ್ಟು ಹೊತ್ತಿಗೇ ಶುರುವಾಗುತ್ತದೆ. ಹನ್ನೊಂದೂವರೆಗೆಲ್ಲ ಊಟಕ್ಕೆ ಏಳುತ್ತಾರೆ, ಊಟವಾದ ಮೇಲೆ ಕಚೇರಿಯಲ್ಲೇ ದೀಪ ಆರಿಸಿ ಸಣ್ಣ ನಿದ್ದೆ ಮಾಡುವ ರೂಢಿಯಿದೆ, ಆ ಹೊತ್ತಿನಲ್ಲಿ ಫೋನ್ ಮಾಡುವುದು ಸರಿಯಲ್ಲ. ಅವರ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದಿದೆ. ಪ್ರಯಾಣ ಮುಂದಕ್ಕೆ ಹೋಗುವುದಾದರೆ ಜನವರಿ ಕೊನೆಯ ಭಾಗದಿಂದ ಫೆಬ್ರವರಿ ಮೂರನೆಯ ವಾರದೊಳಗೆ ಬರುವ ತೆತ್ ಎಂಬ ಅವರ ಹೊಸವರ್ಷದ ಹಬ್ಬದ ಆಸುಪಾಸು ಹೋಗಬೇಡಿ, ಕಾರ್ಖಾನೆಗಳು ವಾರಕ್ಕೂ ಮೀರಿ ಮುಚ್ಚಿರುತ್ತವೆ.

ಊಟದ ಹೆದರಿಕೆ ಅರ್ಧ ನಿಜ. ಅವರ ಅಡುಗೆಯಲ್ಲಿ ಮೀನಿನ ಸಾಸ್ ನಮ್ಮ ಉಪ್ಪಿನಷ್ಟೇ ಸಾಮಾನ್ಯ, ತರಕಾರಿ ಎಂದು ತರಿಸಿದ ತಟ್ಟೆಯಲ್ಲೂ ಅದು ಇರಬಹುದು. ಆದರೆ ಬೌದ್ಧ ಪದ್ಧತಿಯ ಸಸ್ಯಾಹಾರ ಅಲ್ಲಿ ಹಳೆಯದು. ಚಾಂದ್ರಮಾನ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ ಮಾಂಸ ಮುಟ್ಟದ ಮನೆಗಳು ಬಹಳ. 'ಚಾಯ್' (chay, ಸಸ್ಯಾಹಾರ ಎಂದರ್ಥ, ಚಹಾ ಅಲ್ಲ) ಎಂಬ ಫಲಕವಿರುವ ಊಟದ ಅಂಗಡಿಗಳು ಎಲ್ಲ ಬಡಾವಣೆಗಳಲ್ಲೂ ಸಿಗುತ್ತವೆ, ಅಲ್ಲಿ ಅನ್ನ, ತೋಫು, ಅಣಬೆ, ಸೊಪ್ಪಿನ ಪಲ್ಯ ಅಗ್ಗಕ್ಕೆ ದೊರೆಯುತ್ತವೆ. ಅಲ್ಲಿ ಮಾಂಸದ ತುಂಡಿನಂತೆಯೇ ಕಾಣುವ ಪದಾರ್ಥ ಬಂದರೆ ಬೆಚ್ಚಬೇಡಿ, ಅದು ಸೋಯಾದ್ದು. ಮೀನಿನ ಸಾಸ್ ಬೇಡ ಎಂಬ ಮಾತನ್ನು ವಿಯೆಟ್ನಾಮಿ ಭಾಷೆಯಲ್ಲಿ ಬರೆಸಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ, ಆತಿಥೇಯ ಕಂಪನಿಗೆ ಒಂದು ವಾರ ಮುಂಚೆಯೇ ತಿಳಿಸಿ. ತಿಳಿಸದೆ ಹೋದರೆ ಅವರು ಪ್ರೀತಿಯಿಂದ ಸಮುದ್ರದ ಊಟ ಹಾಕಿಸಿ, ನೀವು ಮುಟ್ಟದಿದ್ದಾಗ ಇಬ್ಬರಿಗೂ ಮುಜುಗರವಾಗುತ್ತದೆ. ಬಿಯರ್ ಲೋಟ ಎತ್ತಿ ಒತ್ತಾಯಿಸಿದರೆ ತಂಪುಪಾನೀಯದ ಲೋಟ ಎತ್ತಿದರಾಯಿತು, ಯಾರೂ ತಪ್ಪು ತಿಳಿಯುವುದಿಲ್ಲ. ನಗರದ ಮಧ್ಯಭಾಗದಲ್ಲಿ ಭಾರತೀಯ ಹೋಟೆಲುಗಳೂ ಇವೆ. ಬೆನ್ ಥಾನ್ ಮಾರುಕಟ್ಟೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ತಮಿಳು ವರ್ತಕರು ಫ್ರೆಂಚರ ಕಾಲದಲ್ಲಿ ಕಟ್ಟಿಸಿದ ಮಾರಿಯಮ್ಮನ ಗುಡಿ ಇದೆ; ಇಂದು ಅಲ್ಲಿ ಊದುಬತ್ತಿ ಹಿಡಿದು ನಿಂತವರಲ್ಲಿ ಹೆಚ್ಚಿನವರು ವಿಯೆಟ್ನಾಮಿನವರೇ. ಬಿಡುವಿದ್ದರೆ ನೋಡಿಬನ್ನಿ.

ಈಗ ನೀವು ಹೋಗುತ್ತಿರುವ ಮುಖ್ಯ ಕೆಲಸಕ್ಕೆ ಬರೋಣ.

ಹೊರಡುವ ಮೊದಲು ಆ ಕಂಪನಿ ನಿಜವಾಗಿ ಇದೆಯೇ ಎಂದು ಇಲ್ಲಿಂದಲೇ ನೋಡಬಹುದು. ವಿಯೆಟ್ನಾಮಿನ ಪ್ರತಿ ಕಂಪನಿಗೂ ಹತ್ತು ಅಂಕಿಯ ಸಂಖ್ಯೆಯೊಂದಿದೆ, ನೋಂದಣಿಗೂ ತೆರಿಗೆಗೂ ಅದೇ ಸಂಖ್ಯೆ. ಅದನ್ನು ಕೇಳಿ ಪಡೆದು ಅಲ್ಲಿನ ರಾಷ್ಟ್ರೀಯ ವ್ಯಾಪಾರ ನೋಂದಣಿ ತಾಣದಲ್ಲಿ ಹಾಕಿದರೆ ಕಂಪನಿಯ ಹೆಸರು, ವಿಳಾಸ, ಕಾನೂನುಬದ್ಧ ಪ್ರತಿನಿಧಿಯ ಹೆಸರು ಸಿಗುತ್ತವೆ. ವಿಳಾಸ ಹೊಂದದಿದ್ದರೆ ಒಡನೆಯೇ ಅನುಮಾನಿಸಬೇಡಿ. 2025ರ ಜುಲೈ 1ರಿಂದ ಆ ದೇಶದ ಪ್ರಾಂತಗಳ ಸಂಖ್ಯೆ 63ರಿಂದ 34ಕ್ಕೆ ಇಳಿದಿದೆ. ಬಿನ್ ಡುವಾಂಗ್ ಹೋ ಚಿ ಮಿನ್ ನಗರಕ್ಕೆ ಸೇರಿತು, ಗೇರುಬೀಜಕ್ಕೆ ಹೆಸರಾದ ಬಿನ್ ಫುವಾಕ್ ದೊಂಗ್ ನಾಯ್‌ಗೆ ಸೇರಿತು, ಲಾಂಗ್ ಆನ್ ತೈ ನಿನ್‌ಗೆ ಸೇರಿತು. ನಗರದ ಒಂದನೆಯ ಜಿಲ್ಲೆ, ಮೂರನೆಯ ಜಿಲ್ಲೆ ಎಂಬ ವಿಭಾಗಗಳೂ ಕಡತದಿಂದ ಹೋದವು, ಜನರ ಬಾಯಲ್ಲಿ ಮಾತ್ರ ಉಳಿದಿವೆ. ಹಾಗಾಗಿ ವಿಸಿಟಿಂಗ್ ಕಾರ್ಡಿನಲ್ಲಿ ಹಳೆಯ ವಿಳಾಸ, ಇನ್‌ವಾಯ್ಸಿನಲ್ಲಿ ಹೊಸ ವಿಳಾಸ ಇರುವುದು ಸಹಜ. ಆದರೆ ಬ್ಯಾಂಕ್ ಖಾತೆಯ ಹೆಸರು ಮತ್ತು ನೋಂದಾಯಿತ ಕಂಪನಿಯ ಹೆಸರು ಮಾತ್ರ ಅಕ್ಷರಶಃ ಒಂದೇ ಆಗಿರಬೇಕು. ಇನ್ನೊಂದು ಮಾತು: ಹೋ ಚಿ ಮಿನ್ ನಗರದವರು ಎಂದು ಹೇಳಿಕೊಂಡರೂ ಕಾರ್ಖಾನೆ ಅಲ್ಲಿಂದ ನೂರು ಕಿ.ಮೀ. ಆಚೆಗಿರಬಹುದು. ಹೋಟೆಲ್ ಕಾಯ್ದಿರಿಸುವ ಮೊದಲು ನಕ್ಷೆಯಲ್ಲಿ ಜಾಗ ಕೇಳಿಕೊಳ್ಳಿ. ಕಾರ್ಖಾನೆಯ ಅತಿಥಿಗೃಹದಲ್ಲೇ ಉಳಿಸಿದರೆ ವಿದೇಶಿಯರ ತಂಗುವಿಕೆಯನ್ನು ಪೊಲೀಸರಿಗೆ ತಿಳಿಸುವ ಹೊಣೆ ಅವರದು. ತಿಳಿಸಿದ್ದೀರಾ ಎಂದು ಕೇಳಿ.

ಮಾತುಕತೆಯ ರೀತಿಯಲ್ಲಿ ಕಷ್ಟವೇನಿಲ್ಲ. ಕಾರ್ಡನ್ನು ಎರಡೂ ಕೈಯಲ್ಲಿ ಕೊಟ್ಟು ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಮನೆತನದ ಹೆಸರು ಮೊದಲು ಬರುತ್ತದೆ, ಕರೆಯುವುದು ಕೊನೆಯ ಹೆಸರಿನಿಂದ. ನುಯೆನ್ ಎಂದು ಕೂಗಿದರೆ ಆ ಕೋಣೆಯಲ್ಲಿ ಮೂವರು ತಿರುಗಿ ನೋಡಿಯಾರು. ನೀವು ಹೇಳಿದ್ದಕ್ಕೆಲ್ಲ ಅವರು ತಲೆಯಾಡಿಸಿದರೆ ಕೇಳಿಸಿಕೊಂಡರು ಎಂದಷ್ಟೇ ತಿಳಿಯಿರಿ, ಒಪ್ಪಿದರೋ ಇಲ್ಲವೋ ಎಂಬುದು ಸಂಜೆಯ ಬರಹದಲ್ಲಿ ಗೊತ್ತಾಗಬೇಕು. ಆಯಾ ದಿನದ ಮಾತನ್ನು ಅಂದೇ ರಾತ್ರಿ ಬರೆದು ಕಳಿಸಿ ಉತ್ತರ ತರಿಸಿಕೊಳ್ಳಿ. ಅಲ್ಲಿ ವಾಟ್ಸ್ಆ್ಯಪ್‌ಗಿಂತ ಜಾಲೋ ಎಂಬ ಆ್ಯಪ್ ಬಳಕೆ ಹೆಚ್ಚು, ಅದೂ ನಿಮ್ಮ ಮೊಬೈಲಿನಲ್ಲಿರಲಿ. ಆದರೆ ಬೆಲೆ, ಷರತ್ತು, ಬ್ಯಾಂಕ್ ಖಾತೆಯ ವಿಚಾರಗಳು ಇಮೇಲಿನಲ್ಲೇ ಇರಲಿ. ಒಂದು ದಿನದ ಮಟ್ಟಿಗಾದರೂ ನಿಮ್ಮದೇ ಖರ್ಚಿನಲ್ಲಿ ಸ್ವತಂತ್ರ ದುಭಾಷಿಯೊಬ್ಬರನ್ನು ಇಟ್ಟುಕೊಳ್ಳಿ. ಕಂಪನಿಯ ಮಾರಾಟದವರೇ ದುಭಾಷಿಯಾದರೆ ಯಂತ್ರ ನಡೆಸುವ ಕಾರ್ಮಿಕ ಹೇಳುವ ದೂರು ನಿಮ್ಮ ಕಿವಿಗೆ ಬರುವ ಹೊತ್ತಿಗೆ ಹೊಗಳಿಕೆಯಾಗಿರುತ್ತದೆ. ಉಡುಗೊರೆ ಒಯ್ಯುವುದಾದರೆ ನಮ್ಮ ಗೋಡಂಬಿ, ಕೊಡಗಿನ ಕಾಫಿ ಎರಡೂ ಬೇಡ. ಗೋಡಂಬಿ ರಫ್ತಿನಲ್ಲಿ ಜಗತ್ತಿಗೇ ಮುಂದಿರುವ, ಕಾಫಿಯಲ್ಲಿ ಬ್ರೆಜಿಲ್ ನಂತರದ ಸ್ಥಾನದಲ್ಲಿರುವ ದೇಶವದು. ಮೈಸೂರಿನ ಗಂಧದ ಸೋಪು, ಚನ್ನಪಟ್ಟಣದ ಆಟಿಕೆ ಚೆನ್ನಾಗಿ ಒಪ್ಪುತ್ತವೆ.

ಯಂತ್ರ ನೋಡುವ ದಿನವೇ ಪ್ರಯಾಣದ ಜೀವಾಳ. ಪ್ರದರ್ಶನಕ್ಕೆಂದು ಇಟ್ಟ ಬೀಜ ಹಿಂದಿನ ದಿನವೇ ಹದವಾಗಿ ಬೇಯಿಸಿ, ಆರಿಸಿ, ಒಂದೇ ಗಾತ್ರಕ್ಕೆ ಜರಡಿ ಹಿಡಿದದ್ದಾಗಿರುತ್ತದೆ. ಅಂಥ ಬೀಜದಲ್ಲಿ ಯಾವ ಯಂತ್ರವಾದರೂ ಹತ್ತು ನಿಮಿಷ ಚೆಂದವಾಗಿಯೇ ಓಡುತ್ತದೆ. ಕತ್ತರಿಸುವ ಬ್ಲೇಡುಗಳನ್ನು ಗಾತ್ರಕ್ಕೆ ತಕ್ಕಂತೆ ಕೂರಿಸಿರುವುದರಿಂದ ಬೀಜದ ಗಾತ್ರ ಬೆರೆತರೆ ಸಣ್ಣದು ಒಡೆಯದೆ ಉಳಿಯುತ್ತದೆ, ದೊಡ್ಡದರ ತಿರುಳು ಗಾಯಗೊಳ್ಳುತ್ತದೆ. ನೀವು ಇಲ್ಲಿಂದ ಹಸಿ ಬೀಜ ಒಯ್ಯಲು ಹೋಗಬೇಡಿ, ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಅದನ್ನು ಗಡಿಯಲ್ಲಿ ತೆಗೆದುಕೊಂಡುಬಿಡುತ್ತಾರೆ. ಬದಲಿಗೆ ನಿಮ್ಮಲ್ಲಿ ಕಿಲೋಗೆ ಎಷ್ಟು ಬೀಜ ಬರುತ್ತದೆ ಎಂಬ ಲೆಕ್ಕವನ್ನು ಮುಂಚೆಯೇ ಕಳಿಸಿ, ಅದಕ್ಕೆ ಹತ್ತಿರವಾದ ಆಫ್ರಿಕಾದ ಬೀಜ ಸಿದ್ಧವಿಡಲು ಹೇಳಿ; ಅವರ ಕಾರ್ಖಾನೆಗಳು ಕಾಂಬೋಡಿಯಾ ಮತ್ತು ಆಫ್ರಿಕಾದ ಬೀಜದ ಮೇಲೆಯೇ ನಡೆಯುವುದರಿಂದ ಅದು ಅಲ್ಲಿ ಸುಲಭವಾಗಿ ಸಿಗುತ್ತದೆ. ಯಂತ್ರ ಕನಿಷ್ಠ ಒಂದು ತಾಸು ನಿಲ್ಲದೆ ಓಡಲಿ. ಆ ತಾಸಿನ ಕೊನೆಯಲ್ಲಿ ಹತ್ತು ಕಿಲೋ ಬೀಜವನ್ನು ನಿಮ್ಮ ಕಣ್ಣೆದುರೇ ತೂಗಿ ಹಾಕಿಸಿ, ಹೊರಬಂದದ್ದನ್ನು ಮೇಜಿನ ಮೇಲೆ ಸುರಿದು ನಾಲ್ಕು ರಾಶಿ ಮಾಡಿ: ಇಡಿಯಾಗಿ ಬಿಡಿಸಿದ್ದು, ತುಂಡಾದದ್ದು, ಬ್ಲೇಡು ತಾಗಿ ಗೀರಾದದ್ದು, ಒಡೆಯದೆ ಉಳಿದದ್ದು. ಪ್ರತಿ ರಾಶಿಯನ್ನೂ ತೂಗಿ ಬರೆದುಕೊಳ್ಳಿ. ಸಿಪ್ಪೆಯ ಎಣ್ಣೆ ತಾಗಿ ಕಪ್ಪಾದ ತಿರುಳು ಎಷ್ಟಿದೆ ಎಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಕೈಯಲ್ಲಿ ಒಡೆದಾಗ ನಿಮ್ಮ ಕಾರ್ಖಾನೆಯಲ್ಲಿ ಇಡಿ ಗೋಡಂಬಿ ಎಷ್ಟು ಬರುತ್ತದೆ ಎಂಬುದರ ಎದುರು ಈ ಅಂಕಿಗಳನ್ನಿಟ್ಟು ನೋಡಿದರೆ, ಕೂಲಿಯಲ್ಲಿ ಉಳಿಯುವುದು ತುಂಡಿನಲ್ಲಿ ಹೋಗುತ್ತದೆಯೇ ಎಂಬುದು ತಿಳಿಯುತ್ತದೆ. ನನ್ನ ದೃಷ್ಟಿಯಲ್ಲಿ ಈ ನಾಲ್ಕು ರಾಶಿಯ ಲೆಕ್ಕಕ್ಕಾಗಿಯೇ ನೀವು ವಿಮಾನ ಹತ್ತಬೇಕು. ಉಳಿದದ್ದನ್ನು ವಿಡಿಯೋ ಕರೆಯಲ್ಲೂ ನೋಡಬಹುದಿತ್ತು.

ತಾಸಿಗೆ ಇಷ್ಟು ಕಿಲೋ ಎಂದು ಪುಸ್ತಿಕೆಯಲ್ಲಿರುವುದು ಹಸಿ ಬೀಜದ ಲೆಕ್ಕವೋ ತಿರುಳಿನದ್ದೋ ಕೇಳಿ. ಅವರ ಮೋಟರುಗಳು 380 ವೋಲ್ಟಿನ ಮೂರು ಫೇಸ್‌ಗೆ ಮಾಡಿದವು, ನಮ್ಮಲ್ಲಿ 415 ಎಂದು ಲೆಕ್ಕ. ನಮ್ಮ ವೋಲ್ಟೇಜಿಗೆ ತಕ್ಕ ಮೋಟರು, ಪ್ಯಾನಲ್ ಹಾಕಿಕೊಡುವುದಾಗಿ ಬರೆಸಿಕೊಳ್ಳಿ. ಒಡೆದ ಮೇಲೆ ತಿರುಳಿನ ತೆಳುಸಿಪ್ಪೆ ತೆಗೆಯುವ ಪೀಲಿಂಗ್ ಯಂತ್ರವನ್ನೂ ಕೊಳ್ಳುವುದಾದರೆ, ಅದಕ್ಕೆ ಬೇಕಾಗುವ ಕಂಪ್ರೆಸರ್ ಮತ್ತು ಗಾಳಿ ಒಣಗಿಸುವ ಸಲಕರಣೆ ಅನೇಕ ಸಲ ಬೆಲೆಯೊಳಗೆ ಸೇರಿರುವುದಿಲ್ಲ, ಅವುಗಳಿಗಾಗಿ ಮೆಸ್ಕಾಂನಲ್ಲಿ ಲೋಡ್ ಹೆಚ್ಚಿಸಬೇಕಾದರೆ ಅದರ ಖರ್ಚೂ ಸಮಯವೂ ನಿಮ್ಮದು. ಬ್ಲೇಡು ಎಷ್ಟು ಟನ್‌ಗೆ ಬದಲಾಯಿಸಬೇಕು, ಒಂದು ಸೆಟ್ಟಿನ ಬೆಲೆಯೇನು ಎಂದು ಮಾರಾಟಗಾರರನ್ನು ಕೇಳಿ. ಆಮೇಲೆ ಅದೇ ಪ್ರಶ್ನೆಯನ್ನು ಅವರ ಯಂತ್ರ ಹಾಕಿಸಿಕೊಂಡ ಅಲ್ಲಿನ ಸಂಸ್ಕರಣಾ ಘಟಕವೊಂದರಲ್ಲಿ ಕೇಳಿ. ಅಂಥ ಘಟಕ ತೋರಿಸಿ ಎಂದರೆ ಒಳ್ಳೆಯ ತಯಾರಕರು ಬೇಡವೆನ್ನುವುದಿಲ್ಲ. ಹೊಸ ಬಣ್ಣ ಬಳಿದ ಹಳೆಯ ಯಂತ್ರವನ್ನು ಹೊಸದೆಂದು ಮಾರುವುದೂ ಉಂಟು. ಕ್ರಮಸಂಖ್ಯೆಯ ಫಲಕದ ಚಿತ್ರ ತೆಗೆದುಕೊಳ್ಳಿ, ಬೇರಿಂಗಿನ ಒಳಗೆ, ಚೌಕಟ್ಟಿನ ಅಡಿಗೆ ಟಾರ್ಚ್ ಹಿಡಿದು ನೋಡಿ. ತಿಳಿದೂ ಹಳೆಯದನ್ನೇ ಕೊಳ್ಳುವುದಾದರೆ ಇಲ್ಲಿ ಸುಂಕದ ಕಚೇರಿಗೆ ಚಾರ್ಟರ್ಡ್ ಎಂಜಿನಿಯರರ ಪ್ರಮಾಣಪತ್ರ ಬೇಕಾಗುತ್ತದೆ.

ಮುಂಗಡದ ಪ್ರಶ್ನೆ. ಶೇಕಡಾ 30 ಮುಂಗಡ, ಉಳಿದ 70 ಹಡಗಿಗೆ ಏರಿಸುವ ಮೊದಲು ಎಂಬುದು ಈ ವ್ಯಾಪಾರದ ರೂಢಿ. ಕೇಳಿದರು ಎಂಬ ಕಾರಣಕ್ಕೆ ಅವರು ಮೋಸಗಾರರಲ್ಲ. ಆದರೆ ಇಂದೇ ಕೊಟ್ಟರೆ ಈ ಬೆಲೆ, ನಾಳೆಗೆ ಬೇರೆ ಎನ್ನುವ ಒತ್ತಡಕ್ಕೆ ಬಗ್ಗಬೇಡಿ. ಬ್ಯಾಂಕಿನಿಂದಲೇ ಹಣ ಹೋಗಬೇಕು, ಅದಕ್ಕೆ ಪ್ರೊಫಾರ್ಮಾ ಇನ್‌ವಾಯ್ಸ್ (ಮಾರಾಟಕ್ಕೆ ಮುಂಚೆ ಬೆಲೆ, ಷರತ್ತು ಬರೆದುಕೊಡುವ ಬಿಲ್ಲು) ಬೇಕು ಎಂಬುದು ನಿಜವೂ ಹೌದು, ನಿಮಗೆ ಒದಗುವ ಮರ್ಯಾದೆಯ ನೆಪವೂ ಹೌದು. ರೂಢಿಯ ಈ ಪದ್ಧತಿಯಲ್ಲಿ ಯಂತ್ರ ಹಡಗೇರುವ ಮೊದಲೇ ಪೂರ್ತಿ ಹಣ ಹೋಗಿರುತ್ತದೆ, ಆದ್ದರಿಂದ ಉಳಿದ 70ನ್ನು ಕೊಡುವ ಮೊದಲು ನಿಮ್ಮವರೊಬ್ಬರು ಅಥವಾ ತಪಾಸಣಾ ಸಂಸ್ಥೆಯೊಂದು ನಿಮ್ಮದೇ ಯಂತ್ರವನ್ನು ಓಡಿಸಿ ನೋಡಬೇಕು; ಸಾಧ್ಯವಾದರೆ 10 ಭಾಗವನ್ನು ಕಾರ್ಕಳದಲ್ಲಿ ಯಂತ್ರ ಕೂರಿಸಿ ಓಡಿಸಿದ ಮೇಲೆ ಕೊಡುವುದೆಂದು ಚೌಕಾಸಿ ಮಾಡಿ. ಲೆಟರ್ ಆಫ್ ಕ್ರೆಡಿಟ್, ಅಂದರೆ ಒಪ್ಪಿದ ದಾಖಲೆಗಳು ಸಲ್ಲಿಕೆಯಾದರೆ ಮಾರುವವರಿಗೆ ಹಣ ಕೊಡುವೆನೆಂಬ ಬ್ಯಾಂಕಿನ ಖಾತರಿಪತ್ರ, ತೆಗೆದರೆ ಹಣ ಬ್ಯಾಂಕುಗಳ ನಡುವೆ ಭದ್ರವಾಗಿರುತ್ತದೆ, ಆದರೆ ಬ್ಯಾಂಕು ನೋಡುವುದು ಕಾಗದವನ್ನು, ಪೆಟ್ಟಿಗೆಯೊಳಗಿನ ಯಂತ್ರವನ್ನಲ್ಲ. ಖರ್ಚೂ ಹೆಚ್ಚು, ಸಣ್ಣ ತಯಾರಕರು ಒಪ್ಪುವುದೂ ಕಡಿಮೆ. ಮೂರನೆಯ ದಾರಿ, ಅದೇ ವಿಯೆಟ್ನಾಮಿ ಯಂತ್ರವನ್ನು ಭಾರತದ ವಿತರಕರಿಂದ ಕೊಳ್ಳುವುದು. ಬೆಲೆ ಮೇಲಾಗುತ್ತದೆ, ಆದರೆ ಹಂಗಾಮಿನ ನಡುವೆ ಯಂತ್ರ ನಿಂತರೆ ಬಿಡಿಭಾಗ ಹಿಡಿದು ಬರುವವರು ಸಿಗುತ್ತಾರೆ. ನಿಮ್ಮದು ಸಣ್ಣ ಕಾರ್ಖಾನೆಯಾದ್ದರಿಂದ, ಒಂದೇ ಯಂತ್ರಕ್ಕಾಗಿ ನೇರ ಆಮದಿನಲ್ಲಿ ಉಳಿಯುವ ಹಣ ದೊಡ್ಡದಲ್ಲದಿದ್ದರೆ, ನಾನು ಈ ಮೂರನೆಯದರ ಕಡೆಗೇ ವಾಲುತ್ತೇನೆ. ಹೋಗುವ ಮೊದಲೇ ಇಲ್ಲಿನ ವಿತರಕರ ಬೆಲೆಯನ್ನೂ ದೇಶೀಯ ತಯಾರಕರ ಬೆಲೆಯನ್ನೂ ತರಿಸಿಟ್ಟುಕೊಳ್ಳಿ. ಅದು ಕೈಯಲ್ಲಿದ್ದರೆ ಅಲ್ಲಿ ಚೌಕಾಸಿಗೆ ಡಾಲರ್ ನೋಟು ಬೇಕಾಗುವುದಿಲ್ಲ.

ನೇರ ಆಮದೇ ಸರಿಯೆಂದಾದರೆ, ಮರಳಿದ ಮೇಲಿನ ಕೆಲಸಗಳು ಇವು. ಆಮದು-ರಫ್ತು ಕೋಡ್ ಇಲ್ಲದಿದ್ದರೆ ಮಾಡಿಸಿ. ಭಾರತ-ಆಸಿಯಾನ್ ಒಪ್ಪಂದದ ಸುಂಕ ರಿಯಾಯಿತಿಗೆ ಫಾರ್ಮ್ ಎಐ ಎಂಬ ಮೂಲ ಪ್ರಮಾಣಪತ್ರವನ್ನು ತಯಾರಕರೇ ಅಲ್ಲಿ ಮಾಡಿಸಿಕೊಡಬೇಕು, ಯಂತ್ರದ ಬಹುಭಾಗ ಬೇರೆ ದೇಶದಿಂದ ಬಂದ ಬಿಡಿಭಾಗಗಳಾಗಿದ್ದರೆ ಅದು ಸಿಗದಿರಬಹುದು. 2020ರ ನಿಯಮಗಳ ಪ್ರಕಾರ ಮೂಲದ ವಿವರಗಳನ್ನು ಇಟ್ಟುಕೊಳ್ಳುವ ಹೊಣೆ ಆಮದುದಾರರಾದ ನಿಮ್ಮ ಮೇಲೂ ಇದೆ, ಆದ್ದರಿಂದ ಅಲ್ಲಿರುವಾಗಲೇ ಈ ಮಾತೆತ್ತಿ. ನೀವು ಗೋಡಂಬಿ ರಫ್ತು ಮಾಡುವವರಾದರೆ, ರಫ್ತಿನ ಷರತ್ತಿನ ಮೇಲೆ ಯಂತ್ರದ ಆಮದು ಸುಂಕಕ್ಕೆ ವಿನಾಯಿತಿ ಕೊಡುವ ಇಪಿಸಿಜಿ ಯೋಜನೆಯ ಬಗ್ಗೆ ನಿಮ್ಮ ಲೆಕ್ಕಪರಿಶೋಧಕರನ್ನು ಯಂತ್ರ ಹಡಗೇರುವ ಮೊದಲೇ ಕೇಳಿ. ಮರದ ಪೆಟ್ಟಿಗೆಗೆ ಐಎಸ್‌ಪಿಎಂ 15ರ ಗುರುತಿರಬೇಕು (ಮರದಲ್ಲಿ ಹುಳ ಉಳಿಯದಂತೆ ಸಂಸ್ಕರಿಸಲಾಗಿದೆ ಎಂಬ ಅಂತರರಾಷ್ಟ್ರೀಯ ಮುದ್ರೆ), ಇಲ್ಲವಾದರೆ ಒಳ್ಳೆಯ ಯಂತ್ರವೂ ಕೆಟ್ಟ ಮರದ ದೆಸೆಯಿಂದ ಬಂದರಿನಲ್ಲಿ ಕೊಳೆಯುತ್ತದೆ. ಕಾತ್ ಲಾಯ್ ಬಂದರಿನಿಂದ ಹೊರಟ ಕಂಟೇನರ್ ಮಂಗಳೂರಿಗೆ ಬರುವಷ್ಟರಲ್ಲಿ ಕೊಲಂಬೊದಂಥ ಕಡೆ ಹಡಗು ಬದಲಿಸುವುದರಿಂದ ವಿಮೆ ನಿಮ್ಮ ಕಾರ್ಖಾನೆಯ ಬಾಗಿಲವರೆಗೂ ಇರಲಿ. ಮುಂಗಡ ಕಳಿಸುವ ದಿನ, ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಹೊಸ ಖಾತೆಗೆ ಹಾಕಿ ಎಂಬ ಇಮೇಲ್ ಬಂದರೆ ಕೈ ತಡೆಯಿರಿ. ಇಮೇಲಿಗೆ ಕನ್ನ ಹಾಕಿ ಇನ್‌ವಾಯ್ಸ್ ತಿದ್ದುವ ವಂಚನೆ ಈಗ ಸಾಮಾನ್ಯವಾಗಿದೆ. ನೀವು ಅಲ್ಲಿ ಮುಖತಃ ಕಂಡು ಮಾತನಾಡಿದವರಿಗೆ, ಅವರೇ ಕೊಟ್ಟ ಕಾರ್ಡಿನ ಸಂಖ್ಯೆಗೆ ವಿಡಿಯೋ ಕರೆ ಮಾಡಿ, ಖಾತೆಯ ಅಂಕಿಗಳನ್ನು ಒಂದೊಂದಾಗಿ ಓದಿಸಿ ಹೊಂದಿಸಿಕೊಂಡ ನಂತರವೇ ಬ್ಯಾಂಕಿಗೆ ಹೋಗಿ.